ಬುಧವಾರದ ಮೂರನೇ ಪೀರಿಯಡ್ಡು

ಬೆಳಿಗ್ಗೆ ಏಳೂವರೆಗೆ ಬ್ರೆಡ್ಡಿನ ಅಂಗಡಿಯ ಶಟರ್ ಎತ್ತುವ ಸದ್ದು ಕೇಳಿದ ಕೂಡಲೇ ತೋತಾ ಮಿನೀನ್ ಬಾಗಿಲು ತೆರೆದು ಹೊರಗೆ ಬರುತ್ತಾರೆ. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಏಪ್ರನ್ನಿನ ಜೇಬಿನಲ್ಲಿ ಸೀಮೆಸುಣ್ಣ. ಬಾಗಿಲ ಪಕ್ಕದ ಗೋಡೆಗೆ ಮೊಣಕಾಲೆತ್ತರದ ಒಂದು ಕಲ್ಲುಹಲಗೆ ಒರಗಿದೆ. ನಮ್ಮೂರು ಪೇರಾಲೊಂಗಾದ ಕ್ವಾರಿಯಲ್ಲಿ ಸೀಳಿ ತೆಗೆದದ್ದು. ಮನೆಯ ಮಾಡಿಗೆ ಹೊದಿಸುವ ಅಂಥದ್ದೇ ಹಲಗೆ. ನಿನ್ನೆ ಬರೆದದ್ದನ್ನು ಒರೆಸಿ, ಕಲ್ಲು ಒಣಗುವವರೆಗೆ ಕಾದು, ಅವರು ಅದರ ಮೇಲೆ ಇವತ್ತಿನ ಒಂದು ವಾಕ್ಯ ಬರೆಯುತ್ತಾರೆ. ಇಟಾಲಿಯನ್ನಿನಲ್ಲಲ್ಲ, ನಮ್ಮ ಮಾತಿನಲ್ಲಿ, ಪಿಯೆಮೊಂತೇಸಿನಲ್ಲಿ. ಬ್ರೆಡ್ಡಿಗೆ ಹೋಗುವವರೆಲ್ಲ ಆ ಕಲ್ಲಿನ ಮುಂದೆ ಹಾದೇ ಹೋಗಬೇಕು.

"ಹಿಮ ಬೀಳುತ್ತದೆ ಎಂದು ರೇಡಿಯೊ ಹೇಳಿತು, ಇಲ್ಲ ಎಂದು ನನ್ನ ಮೊಣಕಾಲು ಹೇಳಿತು" ಎಂದು ಒಂದು ದಿನ. "ಮೇಯರಿಗಿಂತ ಮೇಯರ ನಾಯಿಗೆ ನಮ್ಮ ಮಾತು ಚೆನ್ನಾಗಿ ಗೊತ್ತು" ಎಂದು ಇನ್ನೊಂದು ದಿನ. ಪಿತ್ತಕೋಶದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದ ಆರು ದಿನ ಫೋನಿನಲ್ಲಿ ಪಕ್ಕದ ಮನೆಯ ನನಗೆ ಹೇಳಿ ಬರೆಸಿದರು. ನನ್ನ ಅಕ್ಷರದಲ್ಲಿ ತಪ್ಪಿದೆ ಎಂದು ಬ್ರೆಡ್ಡಿನವನು ದೂರು ಕೊಟ್ಟಾಗ ಹಾಸಿಗೆಯಿಂದಲೇ ತಿದ್ದಿಸಿದರು. ಅವರ ಅಕ್ಕ ತೀರಿಕೊಂಡ ಮರುದಿನ ಶವಪೆಟ್ಟಿಗೆ ಇನ್ನೂ ಒಳಗಿರುವಾಗಲೇ ಹೊರಗೆ ಬಂದು ಬರೆದಿದ್ದರು: "ನನ್ನನ್ನು ಬೈಯುವವರು ಇನ್ನು ಯಾರೂ ಉಳಿದಿಲ್ಲ."

ತೋತಾ ಎಂದರೆ ಮದುವೆಯಾಗದ ಹೆಂಗಸನ್ನು ನಮ್ಮಲ್ಲಿ ಗೌರವದಿಂದ ಕರೆಯುವ ಮಾತು. ಹದಿನೆಂಟಕ್ಕೂ ತೋತಾ, ಎಪ್ಪತ್ತಕ್ಕೂ ತೋತಾ. ನಾನು ಹೇಳುತ್ತಿರುವ ಚಳಿಗಾಲದಲ್ಲಿ ಅವರಿಗೆ ಎಪ್ಪತ್ತು ತುಂಬಿ ಎರಡು ತಿಂಗಳಾಗಿತ್ತು.

ಅವರು ಮೇಷ್ಟರ ಮನೆತನದವರಲ್ಲ. ಅಪ್ಪ ಕ್ವಾರಿಯಲ್ಲಿ ಕಲ್ಲು ಸೀಳುತ್ತಿದ್ದವನು. ಒಂದನೇ ತರಗತಿಯ ಮೊದಲ ವಾರ, ಮನೆಯ ಕೋಳಿ ಮೊಟ್ಟೆಯಿಡಲು ಜಾಗ ಹುಡುಕುತ್ತಿದ್ದ ಕಥೆಯನ್ನು ಮಿನೀನ್ ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಹೇಳಿದಳಂತೆ. ಹೊರಗಿನಿಂದ ಬಂದಿದ್ದ ಟೀಚರಮ್ಮ ಕಥೆಯನ್ನು ಅರ್ಧಕ್ಕೆ ತಡೆದು, "ಈ ಹಳ್ಳಿಮಾತು ಆಡುವವಳು ಪೊರಕೆ ಹಿಡಿಯುವುದಕ್ಕೇ ಲಾಯಕ್ಕು" ಎಂದರಂತೆ. ಇಪ್ಪತ್ತನಾಲ್ಕನೇ ವಯಸ್ಸಿಗೆ ಮಿನೀನ್ ಅದೇ ಶಾಲೆಗೆ ಆಯಾ ಆಗಿ ಸೇರಿದರು. ಗಂಟೆ ಹೊಡೆಯುವುದು, ಒಲೆ ಹೊತ್ತಿಸುವುದು, ಮೆಟ್ಟಿಲು ತೊಳೆಯುವುದು, ಬಿದ್ದ ಮಕ್ಕಳ ಮಂಡಿಗೆ ಔಷಧಿ ಹಚ್ಚುವುದು. ಮೂವತ್ತನಾಲ್ಕು ವರ್ಷ.

"ಟೀಚರಮ್ಮ ಹೇಳಿದ್ದು ಸುಳ್ಳಾಗಲಿಲ್ಲ ನೋಡು ಆಗ್ನೇಸ್" ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ. "ಪೊರಕೆ ಹಿಡ್ದೇ ಹಿಡ್ದೆ. ಆದ್ರೆ ಪೊರಕೆ ಹಿಡಿದೋಳಿಗೆ ಗೊತ್ತಿರೋ ಅಷ್ಟು ಶಾಲೆ ಹೆಡ್‌ಮೇಷ್ಟ್ರಿಗೂ ಗೊತ್ತಿರಲ್ಲ."

ಅಳುವ ಮಗು ಬಂದರೆ ಮಿನೀನ್ ಅದನ್ನು ಕಟ್ಟಿಗೆಯ ಕೋಣೆಗೆ ಕರೆದೊಯ್ದು ನಮ್ಮ ಮಾತಿನಲ್ಲೇ ಸಮಾಧಾನ ಮಾಡುತ್ತಿದ್ದರು. ಇದು ಆಗಿನ ಹೆಡ್‌ಮೇಷ್ಟರ ಕಿವಿಗೆ ಬಿತ್ತು. ಅವರು ಟೈಪು ಮಾಡಿಸಿ, ಮೊಹರು ಒತ್ತಿಸಿ ಒಂದು ಕಾಗದ ಕೊಟ್ಟರು: ಸಿಬ್ಬಂದಿಯು ಮಕ್ಕಳೊಂದಿಗೆ ಹಳ್ಳಿಮಾತಿನಲ್ಲಿ ಸಂಭಾಷಿಸತಕ್ಕದ್ದಲ್ಲ. ಮಿನೀನ್ ಆ ಕಾಗದಕ್ಕೆ ಗಾಜು ಹಾಕಿಸಿದರು. ಈಗ ಅವರ ತರಗತಿಯ ಮೊದಲ ಪಾಠ ಅದೇ. ಪ್ರತಿ ವರ್ಷ ಅದನ್ನು ಮೇಜಿನ ಮೇಲೆ ನಿಲ್ಲಿಸಿ, "ಇದನ್ನ ನಮ್ಮ ಮಾತಲ್ಲಿ ಹೇಳಿ" ಎನ್ನುತ್ತಾರೆ. ಮಕ್ಕಳು ತಡವರಿಸುತ್ತ, ಒಬ್ಬರಿಗೊಬ್ಬರು ಪದ ಹೇಳಿಕೊಡುತ್ತ, "ತಕ್ಕದ್ದಲ್ಲ" ಎಂಬಲ್ಲಿಗೆ ತಲುಪುವ ಹೊತ್ತಿಗೆ ಬೆಂಚು ಬಡಿದು ನಗುತ್ತಿರುತ್ತಾರೆ.

ಆಯಾ ಟೀಚರಾದದ್ದು ಹೇಗೆಂದರೆ, ನಿವೃತ್ತಿಯಾದ ವರ್ಷವೇ ನಮ್ಮ ಮಾತು ಕಲಿಸುವವರಿಗೆಂದು ತುರೀನ್ ಪಟ್ಟಣದಲ್ಲಿ ಒಂದು ಕೋರ್ಸು ಶುರುವಾಗಿತ್ತು. ಎರಡು ಚಳಿಗಾಲ, ಪ್ರತಿ ಶನಿವಾರ, ಮೊದಲ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬಂದರು. ಆಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅಜ್ಜಿಯಿಂದ ಕಿವಿಗೆ ಬಿದ್ದದ್ದನ್ನು ಕಾಗದಕ್ಕೆ ಇಳಿಸಲು ಅರವತ್ತರ ಹತ್ತಿರ ಕಲಿತರು. ಕೊನೆಗೆ ಪರೀಕ್ಷೆಯಲ್ಲಿ ಒಬ್ಬ ಪ್ರೊಫೆಸರು, "ನಿಮ್ಮ ವಿದ್ಯಾಭ್ಯಾಸ ಎಷ್ಟು?" ಎಂದು ಕೇಳಿದರಂತೆ.

"ಐದನೇ ಕ್ಲಾಸು. ಅದಾದ್ಮೇಲೆ ಮೂವತ್ನಾಲ್ಕು ವರ್ಷ ಶಾಲೆ ತಪ್ಪಿಸಿಲ್ಲ."

ಪಾಸು ಮಾಡಿದರು.

ಅಂದಿನಿಂದ ಅವರಿಗೆ ವಾರದಲ್ಲಿ ಎರಡು ಸಂಜೆ ದೊಡ್ಡವರ ಪಾಠ, ಚರ್ಚಿನ ಪಕ್ಕದ ಹಾಲಿನಲ್ಲಿ. ಮತ್ತೆ ಬುಧವಾರ ಮೂರನೇ ಪೀರಿಯಡ್ಡು ಶಾಲೆಯಲ್ಲಿ, ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ, ಮೂರು, ನಾಲ್ಕು, ಐದನೇ ತರಗತಿಯ ಮಕ್ಕಳಿಗೆ.

ಸಂಜೆಯ ಪಾಠಕ್ಕೆ ನಾನೂ ಹೋಗುತ್ತಿದ್ದೆ. ಪ್ರಾರ್ಥನೆಯ ಪುಸ್ತಕ ಬಿಟ್ಟರೆ ಬೇರೆ ಓದು ನನಗಿರಲಿಲ್ಲ, ಅದೂ ಇಟಾಲಿಯನ್ನಿನದು. ಮೊದಲ ದಿನವೇ, "ದೇವರ ಹತ್ರ ನಮ್ಮ ಮಾತಲ್ಲಿ ಮಾತಾಡೋದು ಸರಿಯಲ್ವೇನೋ ತೋತಾ" ಎಂದುಬಿಟ್ಟೆ.

"ನಿಮ್ಮಮ್ಮ ಉಸಿರು ಸಿಕ್ಕದೆ ಒದ್ದಾಡ್ತಿದ್ದಾಗ ಯಾವ ಮಾತಲ್ಲಿ ಕೂಗಿದೆ ಅವನನ್ನ?"

"ನಮ್ಮ ಮಾತಲ್ಲೇ."

"ಕೇಳಿಸ್ಕೊಂಡ್ನಾ?"

"ಕೇಳಿಸ್ಕೊಂಡ."

"ಮತ್ತೆ? ಪುಸ್ತಕ ತೆಗಿ."

ಆ ಸಂಜೆಗಳಲ್ಲಿ ಡೊಯಿನಾ ಎಂಬ ರುಮೇನಿಯಾದ ಹೆಂಗಸೂ ಇದ್ದಳು. ಬಾರ್ಬಾ ಕೀನ್ ಎಂದು ಊರೆಲ್ಲ ಕರೆಯುವ ಮುದುಕನನ್ನು ನೋಡಿಕೊಳ್ಳುವ ಕೆಲಸ ಅವಳದು. ಬಾರ್ಬಾ ಎಂದರೆ ಚಿಕ್ಕಪ್ಪ, ಮಾವ, ಎಲ್ಲ. ಕ್ವಾರಿಯಲ್ಲಿ ಅವನಷ್ಟು ತೆಳ್ಳಗೆ ಕಲ್ಲು ಸೀಳುವವರು ಇನ್ನೊಬ್ಬರಿರಲಿಲ್ಲ. ಲಕ್ವ ಹೊಡೆದ ಮೇಲೆ ಅವನ ಇಟಾಲಿಯನ್ ಪೂರ್ತಿ ಹೊರಟುಹೋಯಿತು, ನಮ್ಮ ಮಾತು ಉಳಿಯಿತು. ಒಮ್ಮೆ ಎರಡು ದಿನ ಒಂದೇ ಮಾತನ್ನು ಹೇಳುತ್ತ ಗೋಡೆ ಬಡಿದ. ತಲೆ ಕೆಟ್ಟಿದೆ ಎಂದರು ಡಾಕ್ಟರು. ತುರೀನಿನಲ್ಲಿ ಬೆಳೆದ ಮಗಳು ಹೌದೆಂದಳು. ಡೊಯಿನಾ ಆ ಸದ್ದನ್ನು ತನ್ನ ಭಾಷೆಯ ಕಾಗುಣಿತದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡು ಪಾಠಕ್ಕೆ ತಂದಳು. ಮಿನೀನ್ ಕನ್ನಡಕ ಏರಿಸಿ ಅದನ್ನು ಗಟ್ಟಿಯಾಗಿ ಓದಿದರು.

"ಕ್ವಾರಿ ಕಡೆ ಕಿಟಕಿ ತೆಗೀರಿ ಅಂತಿದಾನೆ, ಅಷ್ಟೇ. ಹೋಗು, ಈಗಲೇ ಹೋಗು, ಪಾಠ ಆಮೇಲೆ."

ಆ ಸಂಜೆ ಮತ್ತೆ ಪಾಠವಾಗಲಿಲ್ಲ.

ತಕರಾರು ಬಂದದ್ದು ಶಾಲೆಯ ಪೀರಿಯಡ್ಡಿಗೆ. ಮೂರು ವರ್ಷದ ಹಿಂದೆ ಹೆಡ್‌ಮಿಸ್ಟ್ರೆಸ್ ಆಗಿ ಬಂದ ಲಿಲ್ಯಾನಾ ಗೊಸ್ಸೊ ಬೇರೆ ಊರಿನವಳಲ್ಲ, ನಮ್ಮದೇ ಕಲ್ಲುಕೆಲಸದವರ ಮಗಳು, ಮಿನೀನ್ ಹೊಡೆದ ಗಂಟೆಗೆ ಓಡಿಬಂದು ಸಾಲು ನಿಂತವಳು. ಕೆಟ್ಟವಳೂ ಅಲ್ಲ. ಆದರೆ ಜನವರಿಯ ಮೊದಲ ವಾರ ನೋಟೀಸು ಹಾಕಿದಳು: ಮುಂದಿನ ವರ್ಷವೂ ಆ ಪೀರಿಯಡ್ಡು ನಡೆಯಬೇಕಾದರೆ ಕಡೇಪಕ್ಷ ಹನ್ನೆರಡು ಮಕ್ಕಳ ತಂದೆತಾಯಿಯರು ಸಹಿ ಹಾಕಬೇಕು, ಹದಿನೆಂಟನೇ ತಾರೀಖು ಸೋಮವಾರ ಮಧ್ಯಾಹ್ನದೊಳಗೆ. ಇಲ್ಲವಾದರೆ ಆ ಹೊತ್ತು ಕಂಪ್ಯೂಟರಿಗೆ.

"ಶಾಲೆ ಬಿಟ್ಟ ಮೇಲೆ ಕಲಿಸಬಹುದಲ್ಲ ತೋತಾ" ಎಂದೆ ನಾನು. "ಹಾಲ್ ಹೇಗೂ ಇದೆ."

ಮಿನೀನ್ ನನ್ನನ್ನು ಪಾಠ ಒಪ್ಪಿಸದ ಹುಡುಗಿಯನ್ನು ನೋಡುವಂತೆ ನೋಡಿದರು. "ಶಾಲೆ ಬಿಟ್ಟ ಮೇಲೆ ಕಲಿಸಿದ್ರೆ ಅದು ಹೊಲಿಗೆ, ಕುಣಿತ, ಗಿಟಾರು. ಗಣಿತ ಆದ್ಮೇಲೆ, ಭೂಗೋಳಕ್ಕೆ ಮುಂಚೆ ಕಲಿಸಿದ್ರೆ ಅದು ಭಾಷೆ. ಮಕ್ಕಳು ದಡ್ಡರಲ್ಲ, ಅವಕ್ಕೆ ಇದು ಗೊತ್ತಾಗುತ್ತೆ. ಆ ಪೀರಿಯಡ್ಡು ನಾನು ಬಿಡಲ್ಲ."

ಮನೆಮನೆಗೆ ಹೊರಟರು. ರಸ್ತೆಯಲ್ಲಿ ಮಂಜುಗಡ್ಡೆ ಕಟ್ಟಿದ್ದರಿಂದ ಅವರ ತೋಳು ಹಿಡಿದುಕೊಳ್ಳಲು ನಾನು. ಬಾಗಿಲು ತೆರೆದವರೆಲ್ಲ ನಮ್ಮನ್ನು ನಮ್ಮ ಮಾತಿನಲ್ಲೇ ಒಳಗೆ ಕರೆದರು, ಕಾಫಿ ಕೊಟ್ಟರು, ಕ್ವಾರಿಯ ಸುದ್ದಿ ಹೇಳಿದರು. ಕಾಗದ ಹೊರಗೆ ತೆಗೆದ ಕೂಡಲೇ ದನಿ ಇಳಿಯುತ್ತಿತ್ತು.

"ಬೇಡ ಅಂತಲ್ಲ ತೋತಾ" ಎಂದಳು ಔಷಧಿ ಅಂಗಡಿಯ ಮೇಲಿನ ಮನೆಯ ಸೊಸೆ. "ಒಟ್ಟೊಟ್ಟಿಗೆ ಎರಡು ಭಾಷೆ ಅಂದ್ರೆ ಹುಡುಗನ ತಲೆ ಗೊಂದಲ ಆಗುತ್ತಂತೆ." ಎಂದವಳೇ ಒಳಗೆ ತಿರುಗಿ, ಇಟಾಲಿಯನ್ನಿನಲ್ಲಿ, ಬೇರೆಯದೇ ತೆಳು ದನಿಯಲ್ಲಿ, "ಬಾ ಚಿನ್ನಾ, ಟೀಚರ್‌ಗೆ ನಮಸ್ಕಾರ ಹೇಳು" ಎಂದಳು.

"ಈಗ ನನ್ನ ಜೊತೆ ಆಡಿದ್ದು ಯಾವ ಮಾತು?" ಎಂದರು ಮಿನೀನ್.

"ನಮ್ಮ ಮಾತು."

"ಅವನ ಜೊತೆ?"

"ಇಟಾಲಿಯನ್ನು."

"ನಿನ್ನ ತಲೆ ಗೊಂದಲ ಆಯ್ತಾ?"

"ಅಯ್ಯೋ, ನಂಗ್ಯಾಕಾಗುತ್ತೆ!"

"ಪೆನ್ನು ತಗೊ."

ಅವಳು ನಗುತ್ತ ಸಹಿ ಹಾಕಿದಳು. ಎಲ್ಲರೂ ಹಾಕಲಿಲ್ಲ. ನಮ್ಮಲ್ಲಿ ಇದು ಹೀಗೆಯೇ: ಗಂಡಹೆಂಡಿರು ಜಗಳವಾಡುವುದು ನಮ್ಮ ಮಾತಿನಲ್ಲಿ, ಹಸುವಿಗೆ, ಕೋಳಿಗೆ, ಅಂಗಡಿಯವನಿಗೆ ನಮ್ಮ ಮಾತು. ಡಾಕ್ಟರು, ಪರಸ್ಥಳದವರು, ಮಕ್ಕಳು ಎದುರಾದರೆ ನಾಲಗೆ ತಾನಾಗಿ ಇಟಾಲಿಯನ್ನಿಗೆ ಹೊರಳುತ್ತದೆ. ಅದು ಮರ್ಯಾದೆ ಎಂದು ಕಲಿತಿದ್ದೇವೆ. ಮಿನೀನ್ ಹತ್ತು ವರ್ಷದಿಂದ ಊರನ್ನು ಬೈಯುತ್ತಿದ್ದದ್ದು ಈ ಮರ್ಯಾದೆಗೇ.

ಶನಿವಾರ ಸಂಜೆಗೆ ಏಳು ಸಹಿಯಾಗಿತ್ತು. ಉಳಿದದ್ದು ಒಂದೇ ದಿನ. ಆದರೆ ಆ ಭಾನುವಾರ ಸಂತ ಅಂತೋನಿಯ ಹಬ್ಬ, ಜಾನುವಾರುಗಳಿಗೆ ಆಶೀರ್ವಾದದ ದಿನ. ಊರಿನ ಪ್ರಾಣಿಯೆಲ್ಲ ಚರ್ಚಿನ ಮುಂದೆ ಸೇರುತ್ತದೆ. ಪ್ರಾಣಿ ಬಂದಲ್ಲಿಗೆ ಮಕ್ಕಳು ಬರುತ್ತಾರೆ, ಮಕ್ಕಳು ಬಂದಲ್ಲಿಗೆ ಅಪ್ಪ ಅಮ್ಮ.

"ಸಂತ ಅಂತೋನಿಗೆ ಹಂದಿ ಮೇಲೆ ಪ್ರೀತಿ" ಎಂದರು ಮಿನೀನ್. "ನನ್ನ ಮೇಲೂ ಸ್ವಲ್ಪ ಇರಲಿ ಅಂತ ನೀನು ಪ್ರಾರ್ಥನೆ ಮಾಡು ಆಗ್ನೇಸ್. ನಿನ್ನ ಮಾತಾದ್ರೆ ಅವನು ಕೇಳ್ತಾನೆ. ನನ್ನದು ಬರೀ ಜಗಳ."

ಮಾಡಿದೆ. ಅವರು ಹೇಳದಿದ್ದರೂ ಮಾಡುತ್ತಿದ್ದೆ.

ಮಾರನೆಯ ದಿನ ಪೂಜೆ ಮುಗಿಯುವ ಹೊತ್ತಿಗೆ ಚರ್ಚಿನ ಅಂಗಳ ತುಂಬಿತ್ತು. ಹತ್ತು ಹನ್ನೆರಡು ಹಸು, ಎರಡು ಹೇಸರಗತ್ತೆ, ರಟ್ಟಿನ ಪೆಟ್ಟಿಗೆಗಳಲ್ಲಿ ಕೋಳಿ, ಕೋಟಿನ ಒಳಗೆ ಅಡಗಿಸಿಕೊಂಡ ಮೊಲ. ಪಾದ್ರಿ ದೊನ್ ಜಾಕು ತೀರ್ಥದ ಬಟ್ಟಲಿನ ಅಂಚಿಗೆ ಕಟ್ಟಿದ ಮಂಜನ್ನು ಬೆರಳಿನಿಂದ ಒಡೆಯುತ್ತಿದ್ದರು. ಎಲ್ಲರ ಬಾಯಿಂದಲೂ ಹೊಗೆ, ಹಸುಗಳ ಮೂಗಿನಿಂದಲೂ ಹೊಗೆ. ಮಿನೀನ್ ಕಾಗದವನ್ನು ಒಂದು ತೆಳು ಕಲ್ಲುಚೂರಿಗೆ ಕ್ಲಿಪ್ಪು ಹಾಕಿ ಹಿಡಿದಿದ್ದರು, ಗಾಳಿಗೆ ಹಾರಬಾರದೆಂದು.

ಮೊದಲು ಸಿಕ್ಕವನು ಹಾಲು ಮಾರುವ ಬೆರ್ತು. ಮಗಳು, ಮೊಮ್ಮಗ, ಬೂದು ಬಣ್ಣದ ದೊಡ್ಡ ಹಸು. ಹಸು ಹಿಂದಕ್ಕೆ ಸರಿದಾಗಲೆಲ್ಲ ಅವನು ನಮ್ಮ ಮಾತಿನಲ್ಲಿ ಅದರ ತಾಯಿಯ ಶೀಲವನ್ನು ವಿಚಾರಿಸುತ್ತಿದ್ದ. ಮೊಮ್ಮಗ ಹತ್ತಿರ ಬಂದರೆ ಇಟಾಲಿಯನ್ನು.

"ಚೆರೇಯಾ, ಬೆರ್ತು" ಎಂದು ಮಿನೀನ್ ನಮ್ಮ ಮಾತಿನ ನಮಸ್ಕಾರ ಹೇಳಿದರು. "ಈ ಹಸು ಎಷ್ಟನೇ ಕ್ಲಾಸು ಓದಿದೆ?"

"ಏನ್ ತೋತಾ?"

"ನೀನು ಆಡಿದ್ದೆಲ್ಲ ಅರ್ಥ ಮಾಡ್ಕೊಳ್ತಾ ಇದೆ. ಮೊಮ್ಮಗನಿಗೆ ಮಾತ್ರ ಆಗಲ್ವಾ? ಹಸುಗಿಂತ ದಡ್ಡನಾ ಹುಡುಗ?"

ಸುತ್ತಲಿದ್ದವರು ಗೊಳ್ಳೆಂದರು. ಬೆರ್ತು ಬಿಡಲಿಲ್ಲ. "ಹಸು ಕೈಲೇ ಸಹಿ ಹಾಕಿಸ್ಕೊಳ್ಳಿ ಹಾಗಾದ್ರೆ!"

"ಹಾಕಿದ್ರೆ ನಿನ್ನ ಸಹಿಗಿಂತ ನೀಟಾಗೇ ಹಾಕೀತು. ನಿನ್ನ ಕಾಪಿ ಪುಸ್ತಕ ಕಸದ ಬುಟ್ಟಿಯಿಂದ ಎತ್ತಿದೋಳು ನಾನು."

ಮಗಳು ಮುಖ ಕೆಂಪಾಗಿಸಿಕೊಂಡು, "ಕೊಡಿ ತೋತಾ, ಇವರಿಬ್ಬರಿಗೂ ಬಾಯಿ ಹೆಚ್ಚು" ಎಂದು ಸಹಿ ಹಾಕಿದಳು. ಅದು ಎಂಟನೆಯದು. ನಗು ನಮ್ಮ ಮುಂದೆ ಮುಂದೆ ಹೋಗಿ ಬಾಗಿಲು ತೆರೆಯಿತು. ಮೊಲದ ಹುಡುಗಿಯ ಅಪ್ಪ, ಹೇಸರಗತ್ತೆಯವರ ಮನೆಯಿಂದ ಇಬ್ಬರು: ಹನ್ನೊಂದು. ಆಮೇಲೆ ನಿಂತಿತು. ತೀರ್ಥ ಎರಚಿ ಮುಗಿಯಿತು. ಹಸುಗಳು ಇಳಿಜಾರಿನಲ್ಲಿ ಮನೆಯ ಕಡೆ ತಿರುಗಿದವು. ಮಿನೀನ್ ಒಬ್ಬೊಬ್ಬರ ಮುಖ ನೋಡುತ್ತ ಅಂಗಳದ ಈ ತುದಿಯಿಂದ ಆ ತುದಿಗೆ ಹೋದರು, ಮತ್ತೆ ಬಂದರು. ಬೇಡವೆಂದವರು ಮತ್ತೊಮ್ಮೆ ಬೇಡವೆಂದರು. ಕೆಲವರು ಕೋಳಿಯ ಪೆಟ್ಟಿಗೆಯನ್ನು ಅನಗತ್ಯವಾಗಿ ಬಿಗಿಯಾಗಿ ಕಟ್ಟತೊಡಗಿದರು.

ಹಾಗೆ ಎರಡು ಸಲ ಹಾದುಹೋದ ದಾರಿಯಲ್ಲೇ, ನೀರಿನ ತೊಟ್ಟಿಯ ಪಕ್ಕ, ಚೆನ್ಸೀನ್ ನಿಂತಿದ್ದ. ಹನ್ನೆರಡು ವರ್ಷದ ಹಿಂದೆ ಚೀನಾದಿಂದ ಕ್ವಾರಿಯ ಕೆಲಸಕ್ಕೆ ಬಂದವನು. ಮನೆತನದ ಹೆಸರು ಚೆನ್. ನಮ್ಮ ಮುದುಕರು ಅದಕ್ಕೆ ಬಾಲ ಸೇರಿಸಿ ಚೆನ್ಸೀನ್ ಮಾಡಿದ್ದರು. ಪಕ್ಕದಲ್ಲಿ ಎಂಟು ವರ್ಷದ, ಬರುವ ವರ್ಷ ಮೂರನೇ ತರಗತಿಗೆ ಹೋಗುವ ಮಗಳು ಮೇಲಿನ್. ಅವಳ ಕೈಯಲ್ಲಿ ಬಾರ್ಬಾ ಕೀನನ ಮುದಿ ನಾಯಿ ಮೊರು. ಯಜಮಾನ ಹಾಸಿಗೆ ಹಿಡಿದ ಮೇಲೆ ಪ್ರತಿ ವರ್ಷ ಅದನ್ನು ಆಶೀರ್ವಾದಕ್ಕೆ ತರುತ್ತಿದ್ದವರು ಈ ಅಪ್ಪ ಮಗಳೇ. ನಾಯಿ ಎಳೆದಾಗ ಹುಡುಗಿ ಅದಕ್ಕೆ, "ಕೂತ್ಕೊ ಮೊರು, ಕೂತ್ಕೊ ಅಂದ್ನಲ್ಲ ಸೋಮಾರಿ" ಎಂದು ಬಾರ್ಬಾ ಕೀನನ ದನಿಯಲ್ಲೇ ಗದರಿಸುತ್ತಿದ್ದಳು. ಅದು ನನಗೂ ಕೇಳಿಸಿತು. ಕೇಳಿಸಿಯೂ ನನಗೆ ಏನೂ ಹೊಳೆಯಲಿಲ್ಲ. ಇದನ್ನು ನಾನು ಒಪ್ಪಿಕೊಳ್ಳಲೇಬೇಕು.

ಮೂರನೇ ಸಲ ಹಾದುಹೋಗುವಾಗ ಅವನೇ ಕರೆದ. "ತೋತಾ, ಊರವರನ್ನೆಲ್ಲ ಕೇಳಿದ್ರಿ. ನನ್ನನ್ನ್ಯಾಕೆ ಕೇಳ್ಲಿಲ್ಲ?"

ಕ್ವಾರಿಯ ಮಾತು, ಒರಟಾದ, ಹಳೆಯ, ಅಪ್ಪಟ ನಮ್ಮ ಮಾತು. ಮಿನೀನ್ ನಿಂತರು. ನಿಂತು, ಕತ್ತು ಸ್ವಲ್ಪ ಬಗ್ಗಿಸಿ, ಒಂದೊಂದೇ ಪದ ಬಿಡಿಸಿ, ಇಟಾಲಿಯನ್ನಿನಲ್ಲಿ ಹೇಳಿದರು: "ಇದು, ಚೆನ್ ಅವರೇ, ಶಾಲೆಯ ಒಂದು ಕಾಗದ. ನಿಮಗೆ ಇದರ ಅಗತ್ಯ ಬೀಳಲಿಕ್ಕಿಲ್ಲ."

ಚೆನ್ಸೀನ್ ಅವರನ್ನು ನೋಡಿದ. ಆಮೇಲೆ ನಕ್ಕ. ಕೆಟ್ಟ ನಗುವಲ್ಲ.

"ನಾನು ನಿಮ್ಮ ಹತ್ರ ಯಾವ ಮಾತಾಡಿದೆ, ನೀವು ನನ್ನ ಹತ್ರ ಯಾವ ಮಾತಾಡ್ತಿದೀರಿ? ಇಟಾಲಿಯನ್ ಯಾಕೆ ತೋತಾ? ನಾನೇನು ನಿಮ್ಮ ಮೊಮ್ಮಗನಾ?"

ಆ ಹೊತ್ತಿಗೆ ಮಿನೀನರ ಮುಖ ನೋಡಬೇಕಿತ್ತು. ಕತ್ತಿನಿಂದ ಕೆಂಪು ಏರಿ ಹಣೆಯವರೆಗೆ ಹೋಯಿತು. ಊರಿನ ಪ್ರತಿ ಬಾಗಿಲಿನಲ್ಲಿ ನಿಂತು ಯಾವ ತಪ್ಪಿಗೆ ಬೈದಿದ್ದರೋ ಅದೇ ತಪ್ಪು, ಚರ್ಚಿನ ಅಂಗಳದಲ್ಲಿ, ಅವರ ಬಾಯಿಂದಲೇ.

"ಇಲ್ಲಿಗೆ ಬಂದಾಗ ನಂಗೆ ಯಾವುದೂ ಬರ್ತಿರಲಿಲ್ಲ" ಎಂದ ಚೆನ್ಸೀನ್. "ಬಾರ್ಬಾ ಕೀನ್ ಉಳಿ ಕೈಗೆ ಕೊಟ್ಟು ಹೆಸರು ಹೇಳ್ದ. ಕಲ್ಲಿನ ಎಳೆ ತೋರ್ಸಿ ಹೆಸರು ಹೇಳ್ದ. ತಪ್ಪು ಹೊಡೆದಾಗ ಬೈದ, ಆ ಬೈಗುಳಾನೂ ಕಲ್ತೆ. ಕ್ವಾರೀಲಿ ಯಾರೂ ನನ್ನ ಮುಖ ನೋಡಿ ಮಾತು ಬದ್ಲಾಯಿಸ್ಲಿಲ್ಲ. ಕಲ್ಲು ಬೀಳ್ತಿದೆ ಓಡು ಅಂತ ಯಾವ ಮಾತಲ್ಲಿ ಕೂಗ್ತಾರೋ ಅದೇ ನನ್ನ ಮಾತು. ಇಟಾಲಿಯನ್ನು ಆಮೇಲೆ ಬಂತು, ಕಾಗದಪತ್ರಕ್ಕೆ." ಮಗಳ ತಲೆಯ ಮೇಲೆ ಕೈಯಿಟ್ಟ. "ಇವಳಿಗೆ ಈ ಮಾತು ಬರೋದು ನಾಯಿ ಹತ್ರ ಆಡೋ ಅಷ್ಟು ಮಾತ್ರ. ಮೊರುಗೆ ಗೊತ್ತಿರೋದು ನನ್ನ ಮಗಳಿಗೆ ಬೇಡ್ವಾ?"

ಮಿನೀನ್ ಕಲ್ಲುಚೂರನ್ನು ಅವನ ಕಡೆ ಚಾಚಿದರು. ಅವರ ಬಾಯಿಂದ ಹೊರಟದ್ದು ಒಂದೇ ಮಾತು, ಅದು ನಮ್ಮ ಮಾತಿನಲ್ಲಿ. "ತಪ್ಪಾಯ್ತು ಚೆನ್ಸೀನ್."

"ಬಾರ್ಬಾ ಕೀನ್ ಆಗಿದ್ರೆ ಇನ್ನೂ ನಾಲ್ಕು ಬೈಗುಳ ಸೇರಿಸ್ತಿದ್ದ" ಎಂದು ಅವನು ಸಹಿ ಹಾಕಿದ.

ಮಿನೀನ್ ನನ್ನ ತೋಳು ಹಿಡಿದು ಮನೆಯವರೆಗೆ ನಡೆದರು. ಬಾಗಿಲ ಬಳಿ ನನ್ನ ತೋಳು ಬಿಟ್ಟು, "ನೀನಾದ್ರೂ ಹೇಳಬಾರ್ದಿತ್ತಾ" ಎಂದರು.

"ನನಗೂ ಹೊಳೀಲಿಲ್ಲ ತೋತಾ."

"ಇಬ್ಬರೂ ಸೇರಿ ಎಷ್ಟು ಜಪಮಾಲೆ ತಿರುವಿದೀವಿ, ಕಿವಿ ಮಾತ್ರ ಇನ್ನೂ ಮುಚ್ಚೇ ಇದೆ" ಎಂದು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಶಟರ್ ಎತ್ತಿದ ಸದ್ದಾಯಿತು. ನಾನು ಹೊರಗೆ ಬಂದಾಗ ಕಲ್ಲಿನ ಮುಂದೆ ಆಗಲೇ ನಾಲ್ಕು ಜನ. ಎಂದೂ ಹೆಸರು ಬರೆಯದವರು ಅಂದು ಕೆಳಗೆ ಹೆಸರು ಬರೆದಿದ್ದರು: "ನಿನ್ನೆ ಚರ್ಚಿನ ಮುಂದೆ ಒಬ್ಬನ ಮುಖ ನೋಡಿ ಅವನ ಮಾತು ಯಾವುದೆಂದು ನಾನೇ ತೀರ್ಮಾನಿಸಿದೆ. ಅವನು ಆಡಿದ್ದನ್ನು ಕೇಳಲಿಲ್ಲ. ಮಿನೀನ್." ಬ್ರೆಡ್ಡಿನವನು ಓದಿ, ಟೋಪಿ ತೆಗೆದು, ಮತ್ತೆ ಹಾಕಿಕೊಂಡ. "ಇದನ್ನ ಬರೀಲೇಬೇಕಿತ್ತಾ ತೋತಾ? ಎಷ್ಟು ಜನ ನಗ್ತಾರೆ."

"ನಗಲಿ. ಹತ್ತು ವರ್ಷದಿಂದ ನಾನು ಅವರನ್ನ ನೋಡಿ ನಕ್ಕಿಲ್ವಾ?"

ಹತ್ತು ಗಂಟೆಗೆ ಶಾಲೆಗೆ ಹೋದೆವು. ಹೆಡ್‌ಮಿಸ್ಟ್ರೆಸ್ ಕೋಣೆ ಕೆಳಗೇ ಇದೆ. ಲಿಲ್ಯಾನಾ ಎದ್ದು ನಿಂತು ಕುರ್ಚಿ ಎಳೆದುಕೊಟ್ಟಳು. ಮಿನೀನ್ ಕೂರಲಿಲ್ಲ. ಲಿಲ್ಯಾನಾ ಬೆರಳಿಟ್ಟು ಒಂದೊಂದೇ ಹೆಸರು ಓದಿ, ಕೊನೆಯದರ ಮೇಲೆ ನಿಲ್ಲಿಸಿದಳು.

"ಚೆನ್ ಅವರ ಮಗಳು… ತೋತಾ, ಇಂಥ ಮಕ್ಕಳಿಗೆ ಆ ಹೊತ್ತಿನಲ್ಲಿ ಇಟಾಲಿಯನ್ ಹೆಚ್ಚು ಕಲಿಸಬೇಕು ಅಂತ ನಮ್ಮ ಯೋಚನೆ."

"ಇಂಥ ಅಂದ್ರೆ ಎಂಥ? ಅವಳು ಹುಟ್ಟಿದ್ದು ಸಲೂಸ್ಸೊ ಆಸ್ಪತ್ರೇಲಿ, ನಿನ್ನ ಹಾಗೆ. ಹೋದ ತಿಂಗಳು ಇಟಾಲಿಯನ್ ಪ್ರಬಂಧದಲ್ಲಿ ಅವಳಿಗೆ ಬಂದ ಮಾರ್ಕು ಎಷ್ಟು? ನಿನ್ನ ರಿಜಿಸ್ಟರಲ್ಲೇ ಇದೆ, ತೆಗೆದು ನೋಡು."

ಲಿಲ್ಯಾನಾ ತೆಗೆಯಲಿಲ್ಲ. ಅವಳಿಗೆ ಗೊತ್ತಿತ್ತು.

"ಮುಖ ನೋಡಿ ಹೇಳ್ತಿದೀಯ ಲಿಲ್ಯಾನಾ. ನಿನ್ನನ್ನ ಬೈಯಲ್ಲ. ನಿನ್ನೆ ನಾನೂ ಅದೇ ಮಾಡಿದೀನಿ, ಕಲ್ಲಿನ ಮೇಲೆ ಬರೆದೂ ಬಂದಿದೀನಿ. ಹನ್ನೆರಡು ಅಂದೆ, ಹನ್ನೆರಡಿದೆ. ಮೊಹರು ಒತ್ತು."

ಲಿಲ್ಯಾನಾ ಡ್ರಾಯರು ಎಳೆದು, ಮೊಹರು ತೆಗೆದು, ಕಾಗದದ ಮೂಲೆಗೆ ಒತ್ತಿದಳು. ಒತ್ತಿದ ಮೇಲೆ ಅವಳ ಭುಜ ಸ್ವಲ್ಪ ಇಳಿಯಿತು. ಅವಳಿಗೂ ಇದು ಹೊರೆಯಾಗಿತ್ತೇನೋ.

"ನಾನು ನಿಮ್ಮ ಶತ್ರು ಅಲ್ಲ ತೋತಾ."

"ಗೊತ್ತು. ಶತ್ರು ಆಗಿದ್ದಿದ್ರೆ ಸುಲಭ ಇತ್ತು."

"ಹಾಗಿದ್ರೆ ಒಂದು ಮಾತು ಕೇಳಿ. ಸಹಿ ಆಯ್ತು, ಪೀರಿಯಡ್ಡು ನಿಮ್ಮದೇ, ನಾನು ಕಿತ್ಕೊಳ್ಳಲ್ಲ. ಆದ್ರೆ ವಸಂತಕ್ಕೆ ಊರಲ್ಲಿ ಕಲ್ಲುಕೆಲ್ಸದ ಮ್ಯೂಸಿಯಮ್ ತೆಗೀತಾರೆ. ನಾನು ಮೇಯರ್ ಹತ್ರ ಮಾತಾಡಿದೀನಿ. ಅಲ್ಲಿ ನಿಮಗೆ ಅಂತಲೇ ಒಂದು ಕೋಣೆ. ಕೆಳಗಡೇನೇ, ಮೆಟ್ಟಿಲಿಲ್ಲ. ಹೀಟರ್ ಇದೆ, ಹೊಸ ಬೆಂಚಿದೆ. ಶನಿವಾರ ಮಧ್ಯಾಹ್ನ ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು. ಮನೆ ಬಾಗಿಲಿಗೆ ಕಾರು ಬರುತ್ತೆ. ಬಾಗಿಲ ಮೇಲೆ ಕಲ್ಲಲ್ಲಿ ನಿಮ್ಮ ಹೆಸರು ಕೆತ್ತಿಸ್ತಾರೆ." ಅವಳ ದನಿಯಲ್ಲಿ ಕಪಟವಿರಲಿಲ್ಲ. "ನಿಮ್ಮ ಮೊಣಕಾಲು ನೋಡೋಕಾಗಲ್ಲ ನನಗೆ. ಇಷ್ಟಾದ್ರೂ ಮಾಡೋಕೆ ಬಿಡಿ."

ಮಿನೀನ್ ಮೊಣಕಾಲನ್ನೊಮ್ಮೆ ನೀವಿಕೊಂಡರು. ಅವರಿಗೆ ಆಸೆಯಾಗಲಿಲ್ಲ ಎಂದು ನಾನು ಹೇಳಲಾರೆ. ಚಳಿಗಾಲದಲ್ಲಿ ಆ ಮೊಣಕಾಲು ಅವರನ್ನು ಎಷ್ಟು ಕಾಡುತ್ತದೆಂದು ತೋಳು ಹಿಡಿದ ನನಗೆ ಗೊತ್ತು.

"ಆ ಮ್ಯೂಸಿಯಮ್ಮಲ್ಲಿ ಏನೇನಿಡ್ತಾರೆ?"

"ಹಳೇ ಸುತ್ತಿಗೆ, ಉಳಿ… ಬಾರ್ಬಾ ಕೀನನ ಸಾಮಾನೆಲ್ಲ ಅವನ ಮಗಳು ಕೊಟ್ಟಿದಾಳೆ. ಕಲ್ಲು ಎಳೀತಿದ್ದ ಗಾಡಿ. ಹಳೇ ಫೋಟೋ."

"ಅದರ ಪಕ್ಕ ನಾನು."

ಲಿಲ್ಯಾನಾ ಮೊಹರನ್ನು ಮತ್ತೆ ಡ್ರಾಯರಿಗೆ ಹಾಕಿ ಮುಚ್ಚಿದಳು.

"ಬೇಡ ಮಗಳೇ" ಎಂದರು ಮಿನೀನ್, ಮೆತ್ತಗೆ. "ನಿನ್ನ ಮನಸ್ಸು ಒಳ್ಳೇದು, ಚಿಕ್ಕೋಳಿದ್ದಾಗ್ಲೂ ಒಳ್ಳೇದಿತ್ತು. ಕಾರು ಬೇಡ, ಹೀಟರ್ ಬೇಡ. ಕಲ್ಲಲ್ಲಿ ಹೆಸರು ಕೆತ್ತಿಸೋದಕ್ಕೆ ನನಗೆ ಬೇರೆ ಜಾಗ ಇದೆ, ಅಮ್ಮನ ಪಕ್ಕ. ಅದಕ್ಕಿನ್ನೂ ಟೈಮಿದೆ. ಅಲ್ಲೀವರೆಗೆ ನನಗೆ ಸೀಮೆಸುಣ್ಣ ಸಾಕು. ಬುಧವಾರ ಮೂರನೇ ಪೀರಿಯಡ್ಡು, ಮೇಲಿನ ಕೋಣೆ. ಗಣಿತ ಆದ್ಮೇಲೆ, ಭೂಗೋಳಕ್ಕೆ ಮುಂಚೆ."

"ನಲವತ್ತೆರಡು ಮೆಟ್ಟಿಲಿದೆ ತೋತಾ!" ಎಂದಳು ಲಿಲ್ಯಾನಾ. ಆ ಕೋಣೆಯಲ್ಲಿ ಅವಳು ಅಲ್ಲಿಯವರೆಗೆ ಆಡಿದ್ದೆಲ್ಲ ಇಟಾಲಿಯನ್. ಈ ಮಾತು ಮಾತ್ರ ಅವಳಿಗೇ ತಿಳಿಯದೆ ನಮ್ಮ ಮಾತಿನಲ್ಲಿ ಬಂದುಬಿಟ್ಟಿತ್ತು.

ಮಿನೀನ್ ಅದನ್ನು ಗಮನಿಸಿದರು. ಮೊಹರು ಬಿದ್ದ ಕಾಗದವನ್ನು ಮಡಚಿ, ಸೀಮೆಸುಣ್ಣವಿದ್ದ ಜೇಬಿಗೇ ಇಳಿಸಿ, ನನ್ನ ತೋಳು ಹಿಡಿದು ಬಾಗಿಲ ಕಡೆ ತಿರುಗಿದರು.

"ನಲವತ್ಮೂರು" ಎಂದರು. "ಕೊನೇದು ಚಿಕ್ಕದು, ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಅದನ್ನೂ ನಾನೇ ತೊಳೀತಿದ್ದೆ."